ಎಲೆ ಉದುರಿಸುವ ಫೈಕಸ್: ‘ಏನು ಹಾಕಲಿ?’ ಎಂದು ಕೇಳುವ ಮುಂಚೆ

ಮೊಬೈಲಿಗೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ ಬಗೆಯದು. ಹಜಾರದ ಮೂಲೆ, ಬಿಳಿಯ ಕುಂಡ, ಅರ್ಧ ಬೋಳಾದ ಗಿಡ, ನೆಲದ ಮೇಲೆ ಚೆಲ್ಲಿದ ಎಲೆ. ಕೆಳಗೆ ಒಂದು ಸಾಲು: ‘ಹೀಗಾಗುತ್ತಿದೆ, ಏನು ಹಾಕಲಿ?’ ಗೊಬ್ಬರ ಹಾಕಲೇ, ಔಷಧ ಹಾಕಲೇ, ಇನ್ನೊಂದು ಚೊಂಬು ನೀರು ಹಾಕಲೇ ಎಂದು ಅದರ ಅರ್ಥ. ನನ್ನ ಉತ್ತರ ಬಹುಪಾಲು ‘ಸದ್ಯಕ್ಕೆ ಏನೂ ಹಾಕಬೇಡಿ’ ಎಂದೇ ಇರುತ್ತದೆ. ಕೇಳಿದವರಿಗೆ ಅದು ಹಿಡಿಸುವುದಿಲ್ಲ. ಕಾಯಿಲೆಗೆ ಮದ್ದು ಬರೆಯದ ವೈದ್ಯರನ್ನು ಕಂಡಂತೆ ಆಗುತ್ತದೆ.

ಆದರೆ ಫೈಕಸ್, ಅಂದರೆ ಆಲದ ಕುಲದ ಗಿಡಗಳ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಕಳೆದ ಮೂರು ವಾರಗಳಲ್ಲಿ ಈ ಗಿಡದ ಪಾಲಿಗೆ ಏನು ಬದಲಾಯಿತು? ಜಾಗವೇ, ಬೆಳಕೇ, ನೀರೇ, ಮಣ್ಣೇ, ಗಾಳಿಯೇ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದೋಷ ಪತ್ತೆಯಾದಂತೆ.

ನಾನು ನರ್ಸರಿ ನಡೆಸುವವನಲ್ಲ. ಬೆಂಗಳೂರಿನಲ್ಲಿ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಕುಂಡಗಳನ್ನು ಹೊತ್ತುಕೊಂಡು ಹೋದವನು, ಅಷ್ಟೆ. ಮನೆ ಬದಲಿಸಿದಾಗಲೆಲ್ಲ ಮನೆಯವರಿಗಿಂತ ಮೊದಲು ಮುನಿಸಿಕೊಂಡವು ಈ ಗಿಡಗಳೇ. ಬೆಂಜಮಿನಾ ಎಂಬ ಸಣ್ಣೆಲೆಯ ಫೈಕಸ್ ನನ್ನ ಮೊದಲನೆಯದು, ಅದನ್ನು ನೀರು ಕುಡಿಸಿಯೇ ಕೊಂದೆ. ಎಲೆ ಉದುರಿತೆಂದು ನೀರು, ಮತ್ತೆ ಉದುರಿತೆಂದು ಮತ್ತಷ್ಟು ನೀರು, ಕೊನೆಗೆ ಶಕ್ತಿ ಬರಲೆಂದು ಎರಡು ಹಿಡಿ ಗೊಬ್ಬರ. ಆಮೇಲೆ ಕುಂಡ ಮಗುಚಿದಾಗ ಬಂದ ವಾಸನೆ ಇನ್ನೂ ನೆನಪಿದೆ.

ನಿಮ್ಮ ಮನೆಯಲ್ಲಿರುವುದು ಯಾವುದು?

ಫೈಕಸ್ ನಮಗೆ ಹೊರಗಿನದಲ್ಲ. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಲ್ಲವೂ ಇದೇ ಕುಲದವು. ಹಲಸು ಮತ್ತು ಹಿಪ್ಪುನೇರಳೆ ಅದೇ ಕುಟುಂಬದ ನಂಟರು. ಜಗತ್ತಿನಲ್ಲಿ 800ಕ್ಕೂ ಹೆಚ್ಚು ಜಾತಿಗಳಿದ್ದರೂ ಮನೆಯೊಳಗೆ ಬಂದು ಕೂರುವುದು ಸಾಮಾನ್ಯವಾಗಿ ನಾಲ್ಕು.

ಸಣ್ಣ, ಹೊಳಪಿನ, ತುದಿ ಚೂಪಾದ ಎಲೆಗಳು ಜೋಲುತ್ತಿದ್ದರೆ ಅದು ಬೆಂಜಮಿನಾ. ನಾಲ್ವರಲ್ಲಿ ಅತಿ ಮುಂಗೋಪಿ. ಅಂಗೈಗಿಂತ ದೊಡ್ಡ, ದಪ್ಪ, ಚರ್ಮದಂಥ ಎಲೆಯದು ರಬ್ಬರ್ ಗಿಡ. ಮೇಘಾಲಯದ ಜೀವಂತ ಬೇರು ಸೇತುವೆಗಳನ್ನು ಹೆಣೆದಿರುವುದು ಇದೇ ಜಾತಿಯ ಬೇರುಗಳಿಂದ. ಆದ್ದರಿಂದ ಇದು ಗಟ್ಟಿ ಪಿಂಡ. ಪಿಟೀಲಿನ ಮೈಯಂತೆ ನಡುವೆ ಕಿರಿದಾಗಿ ತುದಿಯಲ್ಲಿ ಅಗಲವಾಗುವ ದೊಡ್ಡ ಎಲೆಯದು ಫಿಡಲ್ ಲೀಫ್. ಪಶ್ಚಿಮ ಆಫ್ರಿಕಾದ ಕಾಡಿನಿಂದ ಬಂದ ಇದಕ್ಕೆ ಬೆಳಕು ಬಹಳ ಬೇಕು. ಗೆಣಸಿನಂತೆ ಊದಿದ ಬೇರಿನ ಮೇಲೆ ಪುಟ್ಟ ತಲೆ ಹೊತ್ತು, ‘ಬೋನ್ಸಾಯ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದು ಮೈಕ್ರೊಕಾರ್ಪಾ.

ಆಲ ಅಥವಾ ಅರಳಿಯನ್ನೇ ಕುಂಡದಲ್ಲಿ ಬೆಳೆಸುವವರೂ ಇದ್ದಾರೆ. ಅವರಿಗೆ ಒಂದೇ ಮಾತು. ಬೇಸಿಗೆಗೆ ಮುನ್ನ ಅರಳಿ ಎಲೆ ಉದುರಿಸುವುದು ಅದರ ಸ್ವಭಾವ. ರಸ್ತೆ ಬದಿಯ ದೊಡ್ಡ ಅರಳಿ ಮರ ಬೋಳಾಗಿರುವಾಗ ನಿಮ್ಮ ಕುಂಡದ ಅರಳಿಯೂ ಬೋಳಾದರೆ ಗಾಬರಿ ಬೇಡ. ತಾಮ್ರದ ಬಣ್ಣದ ಚಿಗುರು ಬರುವವರೆಗೆ ಕಾಯಿರಿ, ಅಷ್ಟರವರೆಗೆ ನೀರು ಕಡಿಮೆ ಮಾಡಿ.

ಮುಟ್ಟಿ ನೋಡುವ ಐದು ನಿಮಿಷ

ಚಿತ್ರ ನೋಡಿ ಹೇಳಬಹುದಾದದ್ದು ಕಡಿಮೆ. ಗಿಡದ ಪಕ್ಕ ಕುಳಿತು ಕೈಯಿಂದ ನೋಡಬೇಕು.

ಮೊದಲು ಕುಂಡವನ್ನು ಎತ್ತಿ ನೋಡಿ. ನೀರು ಹಾಕಿ ಒಂದು ಗಂಟೆಯ ನಂತರದ ಭಾರವನ್ನು ಒಮ್ಮೆ ಕೈ ನೆನಪಿಟ್ಟುಕೊಂಡರೆ ಸಾಕು, ಆಮೇಲೆ ಕೈಯೇ ಹೇಳುತ್ತದೆ. ಎತ್ತಲಾಗದಷ್ಟು ದೊಡ್ಡ ಕುಂಡವಾದರೆ ಒಂದು ಬಿದಿರಿನ ಕಡ್ಡಿಯನ್ನು ಕುಂಡದ ಅರ್ಧ ಆಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ಕಪ್ಪಾಗಿ ತಣ್ಣಗಿದ್ದರೆ ಒಳಗೆ ತೇವವಿದೆ. ಮೇಲಿನ ಒಂದು ಇಂಚು ಮಣ್ಣನ್ನು ಬೆರಳಿನಿಂದ ಮುಟ್ಟಿ ‘ಒಣಗಿದೆ’ ಎಂದು ತೀರ್ಮಾನಿಸುವುದೇ ಎಷ್ಟೋ ಗಿಡಗಳ ಸಾವಿಗೆ ಕಾರಣ. ಫ್ಯಾನಿನ ಗಾಳಿಗೆ ಮೇಲ್ಮಣ್ಣು ಒಂದೇ ದಿನದಲ್ಲಿ ಒಣಗುತ್ತದೆ, ಕೆಳಗೆ ಕೆಸರೇ ಇರಬಹುದು.

ಎರಡನೆಯದು, ಕುಂಡದ ತಳ. ಹೊರಗೆ ಚೆಂದದ ಪಿಂಗಾಣಿ ಕುಂಡ, ಒಳಗೆ ನರ್ಸರಿಯ ಪ್ಲಾಸ್ಟಿಕ್ ಕುಂಡ ಇರುವ ಜೋಡಿಯನ್ನು ಖಂಡಿತ ಬಿಚ್ಚಿ ನೋಡಿ. ಹೊರಗಿನದಕ್ಕೆ ತೂತು ಇರುವುದಿಲ್ಲ. ಒಂದು ವಠಾರದಲ್ಲಿ ಹೀಗೆ ಬಿಚ್ಚಿದಾಗ ಒಳಗೆ ನಾಲ್ಕು ಬೆರಳು ನೀರು ನಿಂತಿತ್ತು, ಅದರಲ್ಲಿ ಸೊಳ್ಳೆಯ ಮರಿಗಳು ಈಜುತ್ತಿದ್ದವು. ಮನೆಯವರು ‘ಗಿಡಕ್ಕೆ ನೀರು ಸಾಲುತ್ತಿಲ್ಲವೇನೋ’ ಎಂದು ಚಿಂತಿಸುತ್ತಿದ್ದರು.

ಮೂರನೆಯದು, ಎಲೆಯ ಬೆನ್ನು. ಗಿಡದ ಮುಖ ನೋಡಿ ಹೊಗಳುತ್ತೇವೆ, ಬೆನ್ನು ನೋಡುವುದಿಲ್ಲ. ಕೀಟಗಳಿಗೆ ಅದು ಗೊತ್ತು. ಎಲೆಯ ಹಿಂಬದಿ, ಎಲೆ ತೊಟ್ಟು ಕಾಂಡಕ್ಕೆ ಸೇರುವ ಸಂದು, ಸುರುಳಿ ಬಿಚ್ಚದ ಚಿಗುರು, ಈ ಮೂರನ್ನೂ ಬೆಳಕಿಗೆ ಹಿಡಿದು ನೋಡಿ.

ನಾಲ್ಕನೆಯದು, ಬೆಳಕು. ಮಧ್ಯಾಹ್ನ ಗಿಡ ಇರುವಲ್ಲೇ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದು ಅಡಿ ಎತ್ತರದಲ್ಲಿ ಅಂಗೈ ಹಿಡಿಯಿರಿ. ನೆರಳಿನ ಅಂಚು ಸ್ಪಷ್ಟವಾಗಿದ್ದರೆ ಬೆಳಕು ಧಾರಾಳ. ಮಸುಕಾಗಿದ್ದರೂ ಬೆರಳುಗಳನ್ನು ಎಣಿಸಬಹುದಾದರೆ ರಬ್ಬರ್ ಗಿಡಕ್ಕೆ ನಡೆಯುತ್ತದೆ. ನೆರಳೇ ಬೀಳದಿದ್ದರೆ ಅಲ್ಲಿ ಫೈಕಸ್ ಬದುಕುವುದಿಲ್ಲ, ನಿಧಾನವಾಗಿ ಸಾಯುತ್ತದೆ. ನಮ್ಮ ಕಣ್ಣು ಈ ವಿಷಯದಲ್ಲಿ ಮಹಾ ಮೋಸಗಾರ. ಕಿಟಕಿಯ ಸರಳು, ಸೊಳ್ಳೆ ಪರದೆ, ಮೇಲೊಂದು ಬಟ್ಟೆಯ ಪರದೆ, ಎದುರಿಗೆ ಇನ್ನೊಂದು ಕಟ್ಟಡ ಇವೆಲ್ಲ ಸೇರಿದ ಮೇಲೂ ‘ಚೆನ್ನಾಗಿ ಬೆಳಕಿದೆ’ ಎಂದೇ ಅನ್ನಿಸುತ್ತದೆ.

ಎಲೆ ಪೂರ್ತಿ ಉದುರಿದ್ದರೆ ಐದನೆಯ ಪರೀಕ್ಷೆಯೂ ಬೇಕು. ರೆಂಬೆಯ ತೊಗಟೆಯನ್ನು ಉಗುರಿನಿಂದ ಲಘುವಾಗಿ ಕೆರೆಯಿರಿ. ಅಡಿಯಲ್ಲಿ ಹಸಿರು ಇದ್ದು, ಹಾಲು ಒಸರಿದರೆ ಜೀವವಿದೆ. ಒಣಗಿ ಕಂದಾಗಿದ್ದರೆ ಇನ್ನೂ ಕೆಳಗೆ ಕೆರೆದು ನೋಡುತ್ತ ಬನ್ನಿ. ಬುಡದವರೆಗೂ ಕಂದೇ ಆಗಿದ್ದರೆ ಆ ಕುಂಡವನ್ನು ಬೇರೆ ಗಿಡಕ್ಕೆ ಕೊಡಬಹುದು.

ಹಸಿರೆಲೆ ಉದುರಿತೇ, ಹಳದಿಯಾಗಿ ಉದುರಿತೇ?

ಇಡೀ ದೋಷಪತ್ತೆಯಲ್ಲಿ ಇದಕ್ಕಿಂತ ಉಪಯುಕ್ತ ಪ್ರಶ್ನೆ ಇನ್ನೊಂದಿಲ್ಲ.

ಹಸಿರು ಎಲೆಗಳೇ, ಮುಟ್ಟಿದರೆ ಸಾಕು ಎಂಬಂತೆ ದಂಡಿಯಾಗಿ ಉದುರುತ್ತಿದ್ದರೆ ಅದು ಸಾಮಾನ್ಯವಾಗಿ ದಿಢೀರ್ ಬದಲಾವಣೆಯ ಆಘಾತ. ಬೆಂಜಮಿನಾ ಇದರಲ್ಲಿ ಪ್ರಸಿದ್ಧ. ನರ್ಸರಿಯಲ್ಲಿ ಹಸಿರು ಬಲೆಯ ಕೆಳಗೆ, ದಿನವಿಡೀ ತೇವದ ಗಾಳಿಯಲ್ಲಿ, ನಾಲ್ಕೂ ಕಡೆಯಿಂದ ಬೆಳಕು ಕುಡಿದು ಬೆಳೆದ ಗಿಡ. ಲಾರಿಯ ಕತ್ತಲೆಯಲ್ಲಿ ಒಂದೆರಡು ದಿನ ಕಳೆದು, ಅಂಗಡಿಯಲ್ಲಿ ವಾರ ಇದ್ದು, ನಿಮ್ಮ ಹಜಾರದ ಮೂಲೆಗೆ ಬಂದಿದೆ. ಆ ಎಲೆಗಳು ಹೆಚ್ಚು ಬೆಳಕಿಗೆಂದು ತಯಾರಾದವು. ಮಂದ ಬೆಳಕಿನಲ್ಲಿ ಅವನ್ನು ಸಾಕುವುದು ಗಿಡಕ್ಕೆ ನಷ್ಟದ ವ್ಯಾಪಾರ. ಅದು ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆಸಿ ಎಲೆಯನ್ನು ಕಳಚಿಹಾಕುತ್ತದೆ, ಆಮೇಲೆ ಹೊಸ ಜಾಗದ ಬೆಳಕಿಗೆ ಹೊಂದುವ ಎಲೆಗಳನ್ನು ಹೊರಡಿಸುತ್ತದೆ. ಅಂದರೆ ಉದುರುವಿಕೆ ಇಲ್ಲಿ ರೋಗವಲ್ಲ, ಗಿಡ ತಾನೇ ಮಾಡಿಕೊಳ್ಳುತ್ತಿರುವ ಹೊಂದಾಣಿಕೆ.

ಎಡವಟ್ಟಾಗುವುದು ಇಲ್ಲಿಯೇ. ಎಲೆ ಅರ್ಧ ಕಡಿಮೆಯಾದರೆ ಗಿಡ ಕುಡಿಯುವ ನೀರೂ ಬಹಳ ಕಡಿಮೆಯಾಗುತ್ತದೆ. ಆದರೆ ನಾವು ಅಯ್ಯೋ ಪಾಪ ಎಂದು ಹೆಚ್ಚು ಹಾಕುತ್ತೇವೆ. ಹೀಗೆ ತಾನಾಗಿ ವಾಸಿಯಾಗಬೇಕಿದ್ದ ಆಘಾತ ಬೇರು ಕೊಳೆಯುವ ರೋಗವಾಗಿ ಬದಲಾಗುತ್ತದೆ. ಮಾಡಬೇಕಾದದ್ದು ಇಷ್ಟೇ. ಮನೆಯಲ್ಲಿ ಅತಿ ಹೆಚ್ಚು ಬೆಳಕಿರುವ, ಆದರೆ ನಡುಹಗಲ ಬಿಸಿಲು ನೇರವಾಗಿ ಎಲೆಗೆ ಬಡಿಯದ ಜಾಗ ಆರಿಸಿ ಅಲ್ಲಿಡಿ. ಕುಂಡದ ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲೆ ಮಾತ್ರ ನೀರು ಕೊಡಿ. ಗೊಬ್ಬರ ಬೇಡ. ಮೂರರಿಂದ ನಾಲ್ಕು ವಾರ ಕುಂಡವನ್ನು ಅಲುಗಿಸಬೇಡಿ. ಈವತ್ತು ಬಾಲ್ಕನಿ, ನಾಳೆ ಹಜಾರ, ಭಾನುವಾರ ತಾರಸಿ ಎಂದು ಸುತ್ತಾಡಿಸಿದರೆ ಪ್ರತಿ ಸಲವೂ ಲೆಕ್ಕ ಮೊದಲಿನಿಂದ ಶುರು.

ಏಸಿಯ ತಣ್ಣನೆಯ ಗಾಳಿ ನೇರವಾಗಿ ಬಡಿಯುವ ಜಾಗವೂ ಹಸಿರೆಲೆ ಉದುರಿಸುತ್ತದೆ. ಚಳಿಯ ವಿಷಯ ಹೇಳುವುದಾದರೆ, ಬೆಂಗಳೂರು ಮೈಸೂರುಗಳ ಮನೆಯೊಳಗಿನ ಡಿಸೆಂಬರ್ ಚಳಿಗೆ ಫೈಕಸ್ ಹೆದರುವುದಿಲ್ಲ. ಹಿಮ ಬೀಳುವ ಊರುಗಳಲ್ಲಿರುವ ಕನ್ನಡಿಗರು ಮಾತ್ರ ಚಳಿಗಾಲದಲ್ಲಿ ಗಿಡವನ್ನು ಕಿಟಕಿಯ ಗಾಜಿಗೆ ತಾಗಿಸಿಯೂ ಇಡಬಾರದು, ಹೀಟರಿನ ಬಾಯಿಗೂ ಇಡಬಾರದು.

ಎಲೆ ಮೊದಲು ಹಳದಿಯಾಗಿ ಆಮೇಲೆ ಉದುರುತ್ತಿದ್ದರೆ ದಾರಿ ಬೇರೆ. ಎಲ್ಲಿಂದ ಹಳದಿಯಾಗುತ್ತಿದೆ ಎಂದು ನೋಡಿ. ಬುಡದ ಕಡೆಯ ಒಂದೆರಡು ಹಳೆಯ ಎಲೆ ತಿಂಗಳಿಗೊಮ್ಮೆ ಹೋದರೆ ಅದು ವಯಸ್ಸು. ಬೆಂಜಮಿನಾದ ಒಳಭಾಗದ ಎಲೆಗಳು ಮಾತ್ರ ಹಳದಿಯಾದರೆ ಹೊರಗಿನ ಎಲೆಗಳ ನೆರಳು ಅವನ್ನು ಕೊಂದಿದೆ, ಸ್ವಲ್ಪ ಸವರಿ ಒಳಗೆ ಬೆಳಕು ಬಿಡಿ. ಕೆಳಗಿನಿಂದ ಮೇಲಕ್ಕೆ ವಾರಕ್ಕೆ ಹಲವು ಎಲೆಗಳು ಹಳದಿಯಾಗುತ್ತಿದ್ದು, ಕಡ್ಡಿಯೂ ಒದ್ದೆಯಾಗಿ ಬಂದರೆ ನೀರು ಹೆಚ್ಚಾಗಿದೆ. ಕಡ್ಡಿ ಒಣಗಿ ಬಂದರೆ ಮುಂದಿನ ಭಾಗ ಓದಿ, ಅದು ನಮ್ಮ ಕಡೆಯ ವಿಶೇಷ ಕಾಯಿಲೆ.

ಒಳಗೊಂದು ಇಟ್ಟಿಗೆ

ನೀರು ಹಾಕುತ್ತೀರಿ, ತಳದಿಂದ ಹರಿದೂ ಬರುತ್ತದೆ, ಆದರೂ ಗಿಡ ಬಾಡುತ್ತದೆ. ಈ ಒಗಟು ನನ್ನನ್ನು ಬಹಳ ದಿನ ಕಾಡಿತ್ತು.

ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಬಹಳಷ್ಟು ಜಿಗುಟು ಮಣ್ಣಿನಲ್ಲಿ ಬೆಳೆದಿರುತ್ತವೆ. ಸಾಗಿಸುವಾಗ ಬೇರಿನ ಉಂಡೆ ಒಡೆಯಬಾರದೆಂದು ಅಂಥ ಮಣ್ಣು. ಅದನ್ನು ತಂದು ದೊಡ್ಡ ಕುಂಡದಲ್ಲಿಟ್ಟು ಸುತ್ತಲೂ ಹಗುರವಾದ ತೆಂಗಿನ ನಾರಿನ ಪುಡಿ ತುಂಬುತ್ತಾರೆ. ಒಳಗಿನ ಉಂಡೆ ಒಂದು ಸಲ ಪೂರ್ತಿ ಒಣಗಿತೆಂದರೆ ಸುಟ್ಟ ಇಟ್ಟಿಗೆಯಂತಾಗುತ್ತದೆ. ಹಾಕಿದ ನೀರು ಸುತ್ತಲಿನ ನಾರಿನಲ್ಲಿ ಇಳಿದು ತಳದಿಂದ ಹೊರಟುಹೋಗುತ್ತದೆ, ಬೇರಿರುವ ಉಂಡೆಗೆ ಹನಿಯೂ ತಲುಪುವುದಿಲ್ಲ. ಕಡ್ಡಿಯನ್ನು ಕುಂಡದ ಅಂಚಿನಲ್ಲಿ ಚುಚ್ಚಿದರೆ ಒದ್ದೆ, ಕಾಂಡದ ಪಕ್ಕದಲ್ಲಿ ಚುಚ್ಚಿದರೆ ಒಳಗೆ ಇಳಿಯುವುದೇ ಇಲ್ಲ. ಎರಡೂ ಕಡೆ ಚುಚ್ಚಿ ನೋಡಬೇಕಾದದ್ದು ಇದಕ್ಕೇ.

ತಕ್ಷಣದ ಪರಿಹಾರವೆಂದರೆ ಮುಳುಗು ಸ್ನಾನ. ಬಕೆಟ್ಟಿನಲ್ಲಿ ನೀರು ತುಂಬಿ, ಕುಂಡವನ್ನು ಅಂಚಿನವರೆಗೆ ಇಳಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ. ಅರ್ಧ ಗಂಟೆ ಹಿಡಿಯಬಹುದು. ನಂತರ ಎತ್ತಿ ಪೂರ್ತಿ ಬಸಿಯಲಿ. ಹೆಣಿಗೆ ಕಡ್ಡಿಯಿಂದ ಉಂಡೆಯಲ್ಲಿ ಹತ್ತಾರು ತೂತು ಮಾಡಿಕೊಂಡರೆ ಮುಂದಿನ ಸಲ ನೀರು ಸುಲಭವಾಗಿ ಇಳಿಯುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಕುಂಡ ಬದಲಿಸಬೇಕು. ಗಿಡ ಎಲೆ ಉದುರಿಸುವುದನ್ನು ನಿಲ್ಲಿಸಿ ಚಿಗುರು ಬಿಡುವವರೆಗೆ ಕಾದು, ಮುಂಗಾರಿನ ಆರಂಭದಲ್ಲಿ ಮಾಡುವುದು ಒಳ್ಳೆಯದು. ಉಂಡೆಯನ್ನು ನೀರಿನಲ್ಲಿ ನೆನೆಸಿ ಹೊರಗಿನ ಮೂರನೇ ಒಂದು ಭಾಗದಷ್ಟು ಜೇಡಿಯನ್ನು ಬೆರಳಿನಿಂದ ಕರಗಿಸಿ. ಒಂದೇ ಸಲ ಎಲ್ಲವನ್ನೂ ಕಿತ್ತರೆ ಎಳೆಬೇರುಗಳು ಹರಿದುಹೋಗುತ್ತವೆ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಇಟ್ಟಿಗೆಯ ಚೂರು, ಇದು ನನಗೆ ಒಗ್ಗಿರುವ ಮಿಶ್ರಣ. ಹೊಸ ಕುಂಡ ಹಳೆಯದಕ್ಕಿಂತ ಎರಡು ಇಂಚು ಅಗಲವಿದ್ದರೆ ಸಾಕು.

ಜೂನ್ ತಿಂಗಳ ಬಲೆ

ದಕ್ಷಿಣದ ಕಿಟಕಿಯಲ್ಲಿದ್ದ ನನ್ನ ರಬ್ಬರ್ ಗಿಡ ಎರಡು ವರ್ಷ ಸತತವಾಗಿ ಜೂನ್ ಕೊನೆಯಲ್ಲಿ ಹಳದಿ ಎಲೆ ಉದುರಿಸಿತು. ಜಾಗ ಬದಲಿಸಿರಲಿಲ್ಲ, ಮಣ್ಣು ಅದೇ, ನೀರೂ ಅದೇ. ‘ಏನೂ ಬದಲಾಗಿಲ್ಲ’ ಎಂದು ನಾನೇ ವಾದಿಸುತ್ತಿದ್ದೆ.

ಬದಲಾದದ್ದು ಸೂರ್ಯ. ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಬರುತ್ತದೆ. ಈ ಎರಡು ದಿನಗಳ ನಡುವೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ಕೋಣೆಯೊಳಗೆ ಮೂರಡಿ ಚಾಚುತ್ತಿದ್ದ ದಕ್ಷಿಣದ ಬಿಸಿಲು ಮೇ ತಿಂಗಳಿಗೆ ಕಿಟಕಿಯ ಕಟ್ಟೆಯನ್ನೂ ಮುಟ್ಟುವುದಿಲ್ಲ. ಜೂನಿನಲ್ಲಿ ಅದರ ಮೇಲೆ ಮುಂಗಾರಿನ ಮೋಡ. ಗಿಡಕ್ಕೆ ಸಿಗುವ ಬೆಳಕು ಎರಡೆರಡು ಕಡೆಯಿಂದ ಕಡಿಮೆಯಾಗಿದೆ, ಗಾಳಿಯಲ್ಲಿ ತೇವ ಹೆಚ್ಚಾಗಿದೆ, ನಾನು ಮಾತ್ರ ಏಪ್ರಿಲ್ ಸೆಕೆಯ ಲೆಕ್ಕದಲ್ಲೇ ವಾರಕ್ಕೆ ಮೂರು ಸಲ ನೀರು ಹಾಕುತ್ತಿದ್ದೆ. ಮೂರನೆಯ ವರ್ಷ ಮೇ ಮೊದಲ ವಾರದಲ್ಲೇ ಅದನ್ನು ಪೂರ್ವದ ಕಿಟಕಿಗೆ ಸರಿಸಿದೆ, ಮಳೆ ಹಿಡಿದ ಮೇಲೆ ನೀರನ್ನು ಹತ್ತು ದಿನಕ್ಕೊಮ್ಮೆ ಮಾಡಿದೆ. ಆ ವರ್ಷ ಒಂದೇ ಎಲೆ ಹೋಯಿತು.

ಉತ್ತರದ ಕಿಟಕಿಯವರಿಗೆ ಇದು ತಿರುವುಮುರುವು. ವರ್ಷವಿಡೀ ನೇರ ಬಿಸಿಲು ಕಾಣದ ಗಿಡದ ಮೇಲೆ ಮೇ ತಿಂಗಳಲ್ಲಿ ಬಿಸಿಲು ಬಿದ್ದು, ಬಿಸಿಲಿಗೆ ಎದುರಾದ ಎಲೆಗಳ ಮೇಲಷ್ಟೇ ಬಿಳಿಚಿದ, ಕಾಗದದಂಥ ತೇಪೆ ಮೂಡಬಹುದು. ಅದು ಸುಟ್ಟ ಗಾಯ. ಆ ತೇಪೆ ಮತ್ತೆ ಹಸಿರಾಗುವುದಿಲ್ಲ, ಹರಡುವುದೂ ಇಲ್ಲ.

ಬೇರು ಕೊಳೆತಿದ್ದರೆ

ಕಡ್ಡಿ ಒದ್ದೆ, ಎಲೆ ಬಾಡಿ ಜೋಲುತ್ತಿದೆ, ಮಣ್ಣಿನಿಂದ ಹುಳಿ ಅಥವಾ ಚರಂಡಿಯ ವಾಸನೆ. ಇದಿಷ್ಟೂ ಸೇರಿದರೆ ಕಾಯಬೇಡಿ. ನಾನು ಕೂಡಲೇ ಕೈಹಾಕಿ ಎನ್ನುವ ಸಂದರ್ಭ ಇದೊಂದೇ.

ಗಿಡವನ್ನು ಹೊರತೆಗೆದು ಬೇರು ತೊಳೆಯಿರಿ. ಆರೋಗ್ಯದ ಬೇರು ಗಟ್ಟಿ. ಕೊಳೆತದ್ದನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗೆ ದಾರದಂಥ ಎಳೆ ಉಳಿಯುತ್ತದೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಕೆಮ್ಮಣ್ಣಿನಲ್ಲಿದ್ದ ಬೇರು ಹೇಗೂ ಕಂದು. ಕೊಳೆತದ್ದೆಲ್ಲವನ್ನೂ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಎಷ್ಟು ಬೇರು ಹೋಯಿತೋ ಅದಕ್ಕೆ ತಕ್ಕಂತೆ ತಲೆಯನ್ನೂ ಸವರಿ. ಅರ್ಧ ಬೇರು ಇಡೀ ಗಿಡಕ್ಕೆ ನೀರೂಡಲಾರದು. ನೆರಳಿನಲ್ಲಿ ಒಂದೆರಡು ಗಂಟೆ ಆರಿಸಿ, ಉಳಿದ ಬೇರಿಗೆ ಸರಿಹೊಂದುವ ಸಣ್ಣ ಕುಂಡಕ್ಕೆ, ಮರಳು ಹೆಚ್ಚಿರುವ ಹೊಸ ಮಿಶ್ರಣಕ್ಕೆ ಹಾಕಿ. ಒಮ್ಮೆ ನೀರು ಕೊಟ್ಟು, ಮತ್ತೆ ಕಡ್ಡಿ ಒಣಗಿ ಬರುವವರೆಗೆ ಮರೆತುಬಿಡಿ. ಕತ್ತರಿಸಿದ ಜಾಗಕ್ಕೆ ಅರಿಶಿನ ಹಚ್ಚುವವರು ಹಚ್ಚಬಹುದು. ಹಚ್ಚಿಯೂ ನೋಡಿದ್ದೇನೆ, ಬಿಟ್ಟೂ ನೋಡಿದ್ದೇನೆ, ನನಗೆ ವ್ಯತ್ಯಾಸ ಕಂಡಿಲ್ಲ.

ಬೇರು ಪೂರ್ತಿ ಹೋಗಿದ್ದು ಕಾಂಡ ಹಸಿರಿದ್ದರೆ ತುದಿಯ ಆರಿಂಚು ಉದ್ದದ ತುಂಡುಗಳನ್ನು ಕತ್ತರಿಸಿ, ಹಾಲು ತೊಳೆದು, ಒದ್ದೆ ಮರಳಿನಲ್ಲಿ ನೆಡಿ. ಬೆಂಜಮಿನಾ, ಮೈಕ್ರೊಕಾರ್ಪಾ, ರಬ್ಬರ್ ಮೂರೂ ಹೀಗೆ ಬೇರು ಬಿಡುತ್ತವೆ. ಕತ್ತರಿಸುವಾಗ ಕೈಗವಸು ಇರಲಿ. ಹಾಲಿನಂಥ ಸೊನೆ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕಣ್ಣಿಗಂತೂ ತಾಗಲೇಬಾರದು. ಎಲೆ ಜಗಿಯುವ ಅಭ್ಯಾಸದ ನಾಯಿ, ಬೆಕ್ಕುಗಳಿಂದಲೂ ಗಿಡವನ್ನು ದೂರವಿಡಿ.

ಅಂಚು ಕಂದಾಗುವುದು, ಚುಕ್ಕೆ ಬೀಳುವುದು

ಎಲೆಯ ಅಂಚು ತಿಳಿ ಕಂದಾಗಿ, ಮುಟ್ಟಿದರೆ ಹಪ್ಪಳದಂತೆ ಮುರಿದರೆ ಅದು ಒಣಗು, ಇಲ್ಲವೇ ಉಪ್ಪು. ಕಲೆ ಕಡು ಕಂದು ಅಥವಾ ಕಪ್ಪಾಗಿದ್ದು, ಮೆತ್ತಗಿದ್ದು, ಎಲೆಯ ನಡುವಿನಿಂದಲೂ ಹರಡುತ್ತಿದ್ದರೆ ಬೇರಿನ ಕಡೆಗೆ ಹೋಗಿ.

ಉಪ್ಪು ಎಲ್ಲಿಂದ ಬಂತು? ಕೊಳವೆ ಬಾವಿಯ ಗಡಸು ನೀರು ಒಂದು ಮೂಲ. ಇನ್ನೊಂದನ್ನು ನಾವೇ ತಂದು ಸುರಿಯುತ್ತೇವೆ. ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವ ಮನೆಗಳು ಬೆಂಗಳೂರಿನಲ್ಲಿ ಎಷ್ಟೋ. ಉಳಿತಾಯದ ಉದ್ದೇಶ ಒಳ್ಳೆಯದೇ. ಆದರೆ ಯಂತ್ರ ನಮ್ಮ ಲೋಟದಿಂದ ತೆಗೆದ ಲವಣವೆಲ್ಲ ಸೇರಿರುವುದು ಆ ಬಕೆಟ್ಟಿನಲ್ಲೇ. ಅದನ್ನು ನೆಲ ಒರೆಸಲು ಬಳಸಿ. ಗಡಸುತನ ತೆಗೆಯುವ ಘಟಕವಿರುವ ವಸತಿ ಸಮುಚ್ಚಯಗಳ ನೀರಿನಲ್ಲಿ ಸೋಡಿಯಂ ಹೆಚ್ಚಿರುತ್ತದೆ, ಅದೂ ಕುಂಡದ ಗಿಡಕ್ಕೆ ಆಗಿಬರುವುದಿಲ್ಲ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿಯ ಪೊರೆ ಕಂಡರೆ ಇದೇ ಎಂದು ತಿಳಿಯಿರಿ. ಆ ಪೊರೆ ಕೆರೆದು ತೆಗೆದು, ಕುಂಡದ ಗಾತ್ರದ ಮೂರು ಪಟ್ಟು ಮಳೆ ನೀರನ್ನೋ ಕಾವೇರಿ ನೀರನ್ನೋ ನಿಧಾನವಾಗಿ ಸುರಿದು ತಳದಿಂದ ಹರಿಯಲು ಬಿಡಿ. ಮಳೆಗಾಲದಲ್ಲಿ ಒಂದು ರಾತ್ರಿ ಹೊರಗಿಟ್ಟರೆ ಈ ಕೆಲಸ ತಾನಾಗಿ ಆಗುತ್ತದೆ.

ಫಿಡಲ್ ಲೀಫಿನ ಎಳೆ ಎಲೆಗಳ ಮೇಲೆ ಕೆಂಪು ಕಂದು ಬಣ್ಣದ ಸಾಸಿವೆಯಂಥ ಚುಕ್ಕೆಗಳು ಬಂದರೆ ಬೇರು ಎಲೆಗೆ ತಡೆಯಲಾಗದಷ್ಟು ನೀರು ನೂಕಿದೆ, ಒಳಗಿನ ಕೋಶಗಳು ಒಡೆದಿವೆ ಎಂದು ಅರ್ಥ. ಬಹಳ ದಿನ ಒಣಗಿಸಿ ಒಮ್ಮೆಲೇ ತುಂಬಿಸುವವರ ಮನೆಯಲ್ಲಿ ಇದು ಹೆಚ್ಚು. ಎಲೆ ಬಲಿತಂತೆ ಚುಕ್ಕೆ ಮಾಸುತ್ತದೆ.

ಅಂಟು, ಇರುವೆ, ಮಡಿಚಿದ ಎಲೆ

ನೆಲ ಅಂಟಂಟಾಗಿದ್ದರೆ, ಎಲೆಯ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಇದ್ದರೆ, ಇರುವೆಗಳ ಸಾಲು ಕಾಂಡ ಹತ್ತುತ್ತಿದ್ದರೆ ರಸ ಹೀರುವ ಕೀಟ ಎಲ್ಲೋ ಇದೆ. ಹತ್ತಿಯ ಚೂರಿನಂತೆ ಸಂದಿಯಲ್ಲಿ ಕಂಡರೆ ಹಿಟ್ಟು ತಿಗಣೆ. ಉಗುರಿನಿಂದ ಎಬ್ಬಿಸಿದರೆ ಕಳಚುವ ಕಂದು ಹುರುಪೆಯಂತಿದ್ದರೆ ಶಲ್ಕ ಕೀಟ. ಎರಡನ್ನೂ ಮೊದಲು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬೇಕು. ಆಮೇಲೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ. ಎಣ್ಣೆಯನ್ನು ಮೊದಲು ಕೆಲವು ಹನಿ ದ್ರವ ಸಾಬೂನಿನೊಂದಿಗೆ ಕಲಸಿ, ನಂತರ ನೀರಿಗೆ ಬೆರೆಸಿ, ಸಂಜೆಯ ಹೊತ್ತು ಎಲೆಯ ಬೆನ್ನಿಗೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ವಾರ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆಯೊಡೆದು ಬಂದ ಮರಿಗಳು ಮತ್ತೆ ಸಂಸಾರ ಹೂಡುತ್ತವೆ.

ಬೆಂಜಮಿನಾದ ಎಳೆ ಎಲೆಗಳು ನಡುನರದ ಉದ್ದಕ್ಕೂ ದೋಸೆಯಂತೆ ಮಡಿಚಿಕೊಂಡು, ಮೇಲೆ ನೇರಳೆಗೆಂಪು ಚುಕ್ಕೆಗಳಿದ್ದರೆ ಒಂದನ್ನು ಬಿಡಿಸಿ ನೋಡಿ. ಒಳಗೆ ಕಪ್ಪು ದಾರದ ತುಣುಕಿನಂಥ ಥ್ರಿಪ್ಸ್ ಓಡಾಡುತ್ತಿರುತ್ತವೆ, ಜೊತೆಗೆ ಬಿಳಿಚಿದ ಮರಿಗಳು. ಮೈಕ್ರೊಕಾರ್ಪಾಕ್ಕೆ ಅಂಟುವುದು ಅದರದೇ ಹತ್ತಿರದ ಬಂಧು. ಹೊರಗಿನಿಂದ ಎಷ್ಟು ಸಿಂಪಡಿಸಿದರೂ ಮಡಿಕೆಯೊಳಗೆ ಇಳಿಯುವುದಿಲ್ಲ. ಆದ್ದರಿಂದ ಮಡಿಚಿದ ಎಲೆಗಳನ್ನೆಲ್ಲ ಕಿತ್ತು, ಚೀಲದಲ್ಲಿ ಕಟ್ಟಿ ಬಿಸಾಡಿ, ಹೊಸ ಚಿಗುರಿಗೆ ಮಾತ್ರ ಬೇವಿನ ಎಣ್ಣೆ ಹೊಡೆಯಿರಿ. ಕಿತ್ತ ಎಲೆಗಳನ್ನು ಅದೇ ಕುಂಡದ ಬುಡಕ್ಕೆ ‘ಗೊಬ್ಬರವಾಗಲಿ’ ಎಂದು ಹಾಕಿದವರನ್ನೂ ಕಂಡಿದ್ದೇನೆ.

ಎಲೆ ಮಂಕಾಗಿ, ಹಿಂಬದಿಯಲ್ಲಿ ತೆಳ್ಳನೆ ಬಲೆ ಕಂಡರೆ ಜೇಡ ನುಸಿ. ಒಣ ಬೇಸಿಗೆಯ ಕಾಟ. ಸ್ನಾನದ ಮನೆಯಲ್ಲಿ ಷವರ್ ಕೆಳಗೆ ಎಲೆಯ ಬೆನ್ನು ತೊಳೆಯುವುದೇ ದೊಡ್ಡ ಮದ್ದು. ಕುಂಡದಿಂದ ಸಣ್ಣ ಕಪ್ಪು ನೊಣಗಳು ಏಳುತ್ತಿದ್ದರೆ ಮಣ್ಣು ಸದಾ ಒದ್ದೆಯಾಗಿದೆ. ಚಹಾ ಚರಟ, ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಸುರಿಯುವುದನ್ನು ನಿಲ್ಲಿಸಿ.

ದೋಷವಲ್ಲದ್ದು

ರಬ್ಬರ್ ಗಿಡದ ತುದಿಯಲ್ಲಿ ಕೆಂಪು ಕೊಂಬಿನಂತೆ ಬರುವುದು ಚಿಗುರಿನ ಪೊರೆ. ಎಲೆ ಬಿಚ್ಚಿದ ಮೇಲೆ ಅದು ಒಣಗಿ ಬೀಳುತ್ತದೆ. ಮೈಕ್ರೊಕಾರ್ಪಾದಂಥ ಗಿಡದ ಎಲೆಯ ಅಂಚಿನಲ್ಲಿ ಅಳತೆ ಹಿಡಿದು ಇಟ್ಟಂತೆ ಬಿಳಿ ಚುಕ್ಕೆಗಳಿದ್ದು, ಕೆರೆದರೂ ಅಲುಗಾಡದಿದ್ದರೆ ಅದು ಎಲೆಯೇ ಕೂಡಿಟ್ಟ ಸುಣ್ಣ, ಕೀಟವಲ್ಲ. ಮಳೆಗಾಲದಲ್ಲಿ ಕಾಂಡದಿಂದ ಇಳಿಯುವ ಬಿಳಲು ಆಲದ ವಂಶದ ಗುರುತು, ಬೇಡವಾದರೆ ಕತ್ತರಿಸಬಹುದು. ಮೈಕ್ರೊಕಾರ್ಪಾ ಬೋನ್ಸಾಯಿಯ ಊದಿದ ಬುಡದಿಂದ ದೊಡ್ಡ ಎಲೆಯ ಚಿಗುರು ಹೊರಟರೆ ಅದು ಕಸಿಯ ಕೆಳಗಿನ ಮೂಲ ಗಿಡದ್ದು. ಕಂಡ ಕೂಡಲೇ ಚಿವುಟಿ, ಇಲ್ಲವಾದರೆ ಮೇಲಿನ ತಲೆಯನ್ನು ಅದು ಸೊರಗಿಸುತ್ತದೆ.

ಬಿಳಿ ಅಂಚಿನ ಬೆಂಜಮಿನಾ ಪೂರ್ತಿ ಹಸಿರು ರೆಂಬೆಯನ್ನು ಹೊರಡಿಸುವುದೂ ರೋಗವಲ್ಲ. ಆದರೆ ಆ ರೆಂಬೆ ಹೆಚ್ಚು ಬಲಶಾಲಿ, ಬಿಟ್ಟರೆ ಗಿಡವನ್ನೇ ನುಂಗುತ್ತದೆ. ಬುಡಕ್ಕೆ ಕತ್ತರಿಸಿ.

ಗಿಡ ಆರೋಗ್ಯವಾಗಿದ್ದೂ ಕೆಳಗೆ ಬೋಳಾಗಿ, ಮೇಲೆ ಮಾತ್ರ ಎಲೆ ಹೊತ್ತು ಛಾವಣಿ ಮುಟ್ಟುತ್ತಿದ್ದರೆ ಗೂಟಿ ಕಟ್ಟಿ. ಬೋಳು ಕಾಂಡದ ತೊಗಟೆಯನ್ನು ಒಂದು ಇಂಚು ಸುತ್ತ ತೆಗೆದು, ಒದ್ದೆ ತೆಂಗಿನ ನಾರು ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯಿರಿ. ಒಂದೂವರೆ ಎರಡು ತಿಂಗಳಿಗೆ ಹಾಳೆಯೊಳಗೆ ಬೇರು ಕಾಣುತ್ತದೆ. ಅದರ ಕೆಳಗೆ ಕತ್ತರಿಸಿದರೆ ಮೇಲಿನದು ಹೊಸ ಗಿಡ, ಕೆಳಗಿನ ಮೋಟು ಪಕ್ಕಕ್ಕೆ ಚಿಗುರುತ್ತದೆ.

ಎಷ್ಟು ದಿನ ಕಾಯಬೇಕು?

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ದಿನಾಂಕವನ್ನು ಕುಂಡದ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಜಾಗ, ಮಣ್ಣು, ಗೊಬ್ಬರ, ಔಷಧ ನಾಲ್ಕನ್ನೂ ಒಂದೇ ಭಾನುವಾರ ಬದಲಿಸಿದರೆ ಗಿಡ ಸುಧಾರಿಸಿದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಸತ್ತರೂ ಗೊತ್ತಾಗುವುದಿಲ್ಲ. ಮೂರು ವಾರ ಎಲೆ ಉದುರುವುದು ಮುಂದುವರಿಯಬಹುದು, ಏಕೆಂದರೆ ತೊಟ್ಟು ಸಡಿಲವಾದ ಎಲೆಗಳು ಹೇಗೂ ಬೀಳಬೇಕು. ಹಾಗಾಗಿ ಬಿದ್ದ ಎಲೆಗಳನ್ನು ಎಣಿಸಬೇಡಿ, ರೆಂಬೆಯ ತುದಿಯ ಮೊಗ್ಗುಗಳನ್ನು ನೋಡಿ. ಅವು ಚೂಪಾಗಿ, ಹಸಿರಾಗಿ, ಹೊಳೆಯುತ್ತಿದ್ದರೆ ಗಿಡ ಸರಿಯಾಗಿಯೇ ಇದೆ. ಆರರಿಂದ ಎಂಟು ವಾರದೊಳಗೆ ಬೆಂಜಮಿನಾ ಚಿಗುರುತ್ತದೆ. ಆ ಚಿಗುರು ಬಲಿತು ಕಡು ಹಸಿರಾದ ಮೇಲೆ ‘ಏನು ಹಾಕಲಿ?’ ಎಂದು ಕೇಳಿ. ಆಗ ಹೇಳುತ್ತೇನೆ: ಒಂದು ಹಿಡಿ ಎರೆಗೊಬ್ಬರ.